ಊರಂಚಿನ ಹೊಲದಲ್ಲಿ ಬಡಾವಣೆ: ಸಹಿ ಸಂಗ್ರಹ ಬಿಡಿ, ಸರ್ವೆ ನಂಬರು ಹಿಡಿಯಿರಿ

ಊರ ಪಕ್ಕದ ಇಪ್ಪತ್ತು ಎಕರೆ ಹೊಲವನ್ನು ಕಂಪನಿಯೊಂದು ಕೊಂಡಿದೆ, ಭೂ ಬಳಕೆ ಬದಲಾವಣೆಯ ಪ್ರಕಟಣೆ ಪತ್ರಿಕೆಯಲ್ಲಿ ಬಂದಿದೆ, ಊರಿನವರೆಲ್ಲರ ಸಹಿ ಹಾಕಿಸಿ ಮನವಿ ಕೊಡುವುದೋ, ದೇವನಹಳ್ಳಿಯವರಂತೆ ಧರಣಿ ಕೂರುವುದೋ ಎಂದು ಕೇಳಿದ್ದೀರಿ. ಎರಡೂ ಬೇಡ. ಸಹಿ ಹಾಕಿಸುವ ಕೆಲಸ ಶುರುವಾಗಿದ್ದರೆ ಇವತ್ತೇ ನಿಲ್ಲಿಸಿ. ನಾವು ಹಾಕಿಸಿದ್ದೆವು. ಅದಕ್ಕೆ ಏನು ಬೆಲೆ ತೆತ್ತೆವು ಎಂಬುದನ್ನು ಹೇಳುತ್ತೇನೆ.

ನಮ್ಮದು ಬಯಲುಸೀಮೆಯ ಊರು. ರಾಗಿ, ಹಿಪ್ಪುನೇರಳೆ, ಕೊಳವೆಬಾವಿ ಕೈಕೊಡದ ವರ್ಷ ಟೊಮೆಟೊ. ಊರಿನ ಮೇಲ್ಭಾಗದ ಹೊಲಗಳ ನಡುವೆ ಹಾದು ಒಂದು ಹಳ್ಳ ಕೆರೆಗೆ ಬೀಳುತ್ತದೆ. ವರ್ಷದಲ್ಲಿ ಹೆಚ್ಚು ಕಾಲ ಅದು ಒಣಗಿಯೇ ಇರುತ್ತದೆ. ಎರಡು ದಡದಲ್ಲಿ ಹೊಂಗೆ, ಲಕ್ಕಿಗಿಡ, ಮರಳಿನ ಮೇಲೆ ದನಗಳ ಹೆಜ್ಜೆ ಗುರುತು. ಹೊರಗಿನವರಿಗೆ ಅದು ಹಳ್ಳವೆಂದೇ ಗೊತ್ತಾಗುವುದಿಲ್ಲ. ಹಿಂಗಾರು ಹಿಡಿದ ರಾತ್ರಿ ಮಾತ್ರ ಮೊಣಕಾಲೆತ್ತರ ಕೆಂಪು ನೀರು ಹರಿದು ಬೆಳಗಾಗುವಷ್ಟರಲ್ಲಿ ಕೆರೆಯಂಗಳ ತುಂಬುತ್ತದೆ.

ಆ ಹೊಲಗಳು ಒಂದೊಂದಾಗಿ ಮಾರಾಟವಾದವು. ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ಕೈಬಿಟ್ಟ ಮೇಲೆ ಕೃಷಿಕರಲ್ಲದವರು ಹೊಲ ಕೊಳ್ಳಲು ಇದ್ದ ತಡೆ ಹೋಗಿತ್ತು. ಜಾಗ ಯೋಜನಾ ಪ್ರಾಧಿಕಾರದ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಕೃಷಿ ವಲಯದಲ್ಲಿದ್ದುದರಿಂದ ಅದನ್ನು ವಸತಿ ವಲಯಕ್ಕೆ ಬದಲಾಯಿಸಬೇಕಿತ್ತು. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14ಎ ಕಲಂ ಪ್ರಕಾರ ಇಂಥ ಬದಲಾವಣೆಯನ್ನು ಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಲೇಬೇಕು. ಒಳಪುಟದಲ್ಲಿ ಅಂಗೈಯಗಲದ ಪ್ರಕಟಣೆ ಬಂದಿತ್ತು. ನೀವು ಈಗ ನೋಡಿರುವುದೂ ಅದೇ. ನಿಮ್ಮ ಮಾತನ್ನು ಬರಹದಲ್ಲಿ ಕೇಳಿಸಿಕೊಳ್ಳಲೇಬೇಕಾದ ಬಾಗಿಲು ಅದೊಂದೇ ಎಂದು ತಿಳಿಯಿರಿ. ಮುಂದೆ ಭೂ ಪರಿವರ್ತನೆ, ಬಡಾವಣೆ ನಕ್ಷೆಯ ಅನುಮೋದನೆ, ಪಂಚಾಯಿತಿಯ ಇ-ಸ್ವತ್ತು ಖಾತೆ ಎಲ್ಲವೂ ಈ ಬದಲಾವಣೆಯನ್ನು ಆಧಾರವಾಗಿಟ್ಟುಕೊಂಡೇ ಹೊರಡುತ್ತವೆ.

ನಾವು ಮೂರು ಪುಟದ ಮನವಿ ಬರೆಸಿದೆವು. ರೈತ ದೇಶದ ಬೆನ್ನೆಲುಬು ಎಂದು ಶುರು, ಫಲವತ್ತಾದ ಭೂಮಿ ಕಾಂಕ್ರೀಟ್ ಕಾಡಾಗಬಾರದು ಎಂದು ಮುಕ್ತಾಯ. ಪ್ರತಿ ಮಾತೂ ನಿಜ. ಮನೆಮನೆಗೆ ಹೋಗಿ ಸಹಿ ಹಾಕಿಸಿದೆವು, ಹೆಬ್ಬೆಟ್ಟು ಒತ್ತಿಸಿದೆವು, ಟ್ರ್ಯಾಕ್ಟರಿನಲ್ಲಿ ಹೋಗಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಂದೆವು. ಇಡೀ ಊರೇ ಸಹಿ ಹಾಕಿರುವಾಗ ಯಾವ ಅಧಿಕಾರಿ ತಾನೆ ಮುಂದುವರಿಯುತ್ತಾನೆ ಎಂಬ ಧೈರ್ಯ.

ಮೂರು ಪುಟಗಳಲ್ಲಿ ಎಲ್ಲಿಯೂ ಒಂದು ಸರ್ವೆ ನಂಬರು ಇರಲಿಲ್ಲ. ಹಳ್ಳ ಎಂಬ ಪದವೇ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಾವು ಸೋತದ್ದು ಇಲ್ಲಿಯೇ. ಅನುಮೋದನೆ ಆದ ಮೇಲೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕಡತದ ನಕಲು ತೆಗೆಸಿದೆ. ಅದರೊಳಗೆ ಆಕ್ಷೇಪಣೆಗಳ ಕೋಷ್ಟಕವಿತ್ತು: ಆಕ್ಷೇಪಣೆದಾರರ ಹೆಸರು, ಸರ್ವೆ ನಂಬರು, ಆಕ್ಷೇಪಣೆಯ ಸಾರಾಂಶ, ಪ್ರಾಧಿಕಾರದ ಅಭಿಪ್ರಾಯ. ಊರಿಗೆ ಊರೇ ಹಾಕಿದ ಸಹಿಗಳೆಲ್ಲ ಸೇರಿ ಒಂದೇ ಸಾಲು. ಸರ್ವೆ ನಂಬರಿನ ಮನೆಯಲ್ಲಿ ಅಡ್ಡಗೆರೆ. ಆಕ್ಷೇಪಣೆ ಸಾಮಾನ್ಯ ಸ್ವರೂಪದ್ದು, ಪರಿಗಣಿಸಲು ಅವಕಾಶವಿಲ್ಲ ಎಂಬ ಷರಾ. ಓದಿ ಮೈ ಉರಿಯಿತು. ಆದರೆ ಆ ಗುಮಾಸ್ತನ ಜಾಗದಲ್ಲಿ ಕೂತು ನೋಡಿದರೆ ಅವನಿಗೆ ನಾವು ಕೊಟ್ಟದ್ದಾದರೂ ಏನು? ಕೃಷಿ ಭೂಮಿ ಉಳಿಯಲಿ ಎಂಬ ಮಾತಿಗೆ ಅವನ ಬಳಿ ಸಿದ್ಧ ಉತ್ತರವಿದೆ: ಮಾಲೀಕರೇ ಒಪ್ಪಿ ಮಾರಿದ್ದಾರೆ, ಬದಲಾವಣೆಗೆ ಕಾನೂನಿನಲ್ಲಿ ಅವಕಾಶವಿದೆ. ಈ ಸರ್ವೆ ನಂಬರಿನಲ್ಲಿ ಇಷ್ಟು ಗುಂಟೆ ಸರ್ಕಾರದ ಹಳ್ಳವಿದೆ ಎಂದು ಬರೆದಿದ್ದರೆ ಅವನಿಗೆ ಸಿದ್ಧ ಉತ್ತರ ಸಿಗುತ್ತಿರಲಿಲ್ಲ. ತಹಶೀಲ್ದಾರರಿಂದ ವರದಿ ತರಿಸಬೇಕಾಗುತ್ತಿತ್ತು, ಭೂಮಾಪಕರು ಜಾಗಕ್ಕೆ ಬರಬೇಕಾಗುತ್ತಿತ್ತು.

ದಾಖಲೆ ನಮ್ಮ ಕೈಗೆ ಎಟುಕುವಲ್ಲಿಯೇ ಇತ್ತು ಎಂಬುದು ಇನ್ನೂ ಸಂಕಟದ ಮಾತು. ಪಹಣಿಯಲ್ಲಿ ವಿಸ್ತೀರ್ಣದ ಕೆಳಗೆ ಖರಾಬು ಎಂದು ಎರಡು ಬಗೆ ತೋರಿಸಿರುತ್ತಾರೆ. ಎ ಖರಾಬು ಎಂದರೆ ಸಾಗುವಳಿಗೆ ಬಾರದ ಬಂಡೆ, ಕಣ ಇತ್ಯಾದಿ. ಬಿ ಖರಾಬು ಎಂದರೆ ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಜಾಗ. ಭೂ ಕಂದಾಯ ಕಾಯ್ದೆ, 1964ರ 67ನೇ ಕಲಂ ಪ್ರಕಾರ ಅದು ಸರ್ಕಾರದ್ದು. ಹೊಲದ ಮಾಲೀಕ ಅದನ್ನು ಮಾರಲಾರ, ಕೊಂಡವನು ಅದರ ಮೇಲೆ ಸೈಟು ಮಾಡಲಾರ. ನಮ್ಮ ಹಳ್ಳ ಆ ಹೊಲದ ಪಹಣಿಯಲ್ಲಿ ಹನ್ನೊಂದು ಗುಂಟೆ ಬಿ ಖರಾಬು ಎಂದು ಅಚ್ಚಾಗಿಯೇ ಇತ್ತು. ನಾಡಕಚೇರಿಯಲ್ಲಿ ಪಹಣಿ ತೆಗೆಸಿ ಓದಿದ್ದರೆ ಸಾಕಿತ್ತು.

ಹನ್ನೊಂದು ಗುಂಟೆಗೆ ಇಷ್ಟೇಕೆ ಗೋಳು ಎನ್ನುತ್ತೀರಾ? ಲೆಕ್ಕ ಹಾಕಿ. ಗುಂಟೆಗೆ 1,089 ಚದರ ಅಡಿ. ಹನ್ನೊಂದು ಗುಂಟೆ ಎಂದರೆ ಹತ್ತಿರ ಹತ್ತಿರ 12,000 ಚದರ ಅಡಿ, 30/40 ಅಳತೆಯ ಹತ್ತು ಸೈಟು. ಹಳ್ಳ ಯಾಕೆ ಮಾಯವಾಗುತ್ತದೆ ಎಂಬುದು ಇಲ್ಲಿ ತಿಳಿಯುತ್ತದೆ. ಬಡಾವಣೆಯ ನಕ್ಷೆಯಲ್ಲಿ ಅದು ಇಪ್ಪತ್ತಡಿ ರಸ್ತೆಯಾಗಿ, ಅದರ ಕೆಳಗೆ ಒಂದು ಸಿಮೆಂಟ್ ಪೈಪಾಗಿ ಉಳಿಯಿತು. ಆ ಪೈಪಿನೊಳಗೆ ಹತ್ತು ವರ್ಷದ ಮಗು ತೂರಬಹುದು, ಅಷ್ಟೇ. ಮೊದಲ ದೊಡ್ಡ ಮಳೆಗೆ ಕಸಕಡ್ಡಿ, ಹೊಂಗೆಯ ಬೇರು ಬಾಯಿಗೆ ಸಿಕ್ಕಿಕೊಂಡು ನೀರು ಹಿಂದಕ್ಕೆ ನುಗ್ಗಿತು. ಮೇಲಿನ ಹಿಪ್ಪುನೇರಳೆ ತೋಟ ಮುಳುಗಿತು, ಕೆಳಗಿನ ಕೆರೆ ಅರ್ಧ ಮಾತ್ರ ತುಂಬಿತು. ಅದೇ ಕೆರೆಯ ಆಸರೆಯಲ್ಲಿ ನಮ್ಮ ಬಾವಿಗಳು ಬದುಕಿದ್ದವು.

ಅದೇ ಕೋಷ್ಟಕದಲ್ಲಿ ಇನ್ನೊಂದು ಸಾಲಿತ್ತು. ನಮ್ಮ ಪಕ್ಕದ ಹೊಲದ ಹೆಣ್ಣುಮಗಳೊಬ್ಬರು ಯಾರಿಗೂ ಹೇಳದೆ ಒಂದೇ ಪುಟದ ಆಕ್ಷೇಪಣೆ ಕೊಟ್ಟಿದ್ದರು. ತಮ್ಮ ಹೊಲಕ್ಕೆ ಹೋಗುವ ಬಂಡಿದಾರಿ ಇಂಥ ಸರ್ವೆ ನಂಬರಿನ ಪೂರ್ವ ಅಂಚಿನಲ್ಲಿ ಗ್ರಾಮ ನಕಾಶೆಯಲ್ಲಿದೆ, ಅದನ್ನು ಮುಚ್ಚಬಾರದು ಎಂದು ಬರೆದು ನಕಾಶೆಯ ಪ್ರತಿ ಲಗತ್ತಿಸಿದ್ದರು. ಷರಾ ಎದುರಿಗೆ: ದಾರಿಯನ್ನು ಉಳಿಸಿಕೊಳ್ಳಲು ಷರತ್ತು ವಿಧಿಸಬಹುದು. ದಾರಿ ಇವತ್ತಿಗೂ ಇದೆ. ಇಡೀ ಊರು ಒಟ್ಟಾಗಿ ಮಾಡಲಾಗದ್ದನ್ನು ಅವರ ಒಂದು ಹಾಳೆ ಮಾಡಿತು.

ಆದ್ದರಿಂದ ಬಡಾವಣೆಯನ್ನು ಹೇಗೆ ನಿಲ್ಲಿಸುವುದು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ದೇವನಹಳ್ಳಿಯ ಮಾತು ಬೇರೆ. ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಗಳಲ್ಲಿ 1,777 ಎಕರೆಯನ್ನು ಕೊಡಲು ಮನಸ್ಸಿಲ್ಲದವರಿಂದ ಸರ್ಕಾರವೇ ಕಿತ್ತುಕೊಳ್ಳಲು ಹೊರಟಿತ್ತು. ಭೂಮಿಯ ಒಡೆಯರೇ ವರ್ಷಗಟ್ಟಲೆ ಧರಣಿ ಕೂತರು, 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನವನ್ನು ಕೈಬಿಟ್ಟಿತು. ನಿಮ್ಮಲ್ಲಿ ಒಡೆಯರು ಮಾರಿಯಾಗಿದೆ, ಹಣ ಪಡೆದಾಗಿದೆ. ಯಾರ ಪರವಾಗಿ ಧರಣಿ ಕೂರುತ್ತೀರಿ? ನಿಮ್ಮ ಕೈಯಲ್ಲಿ ಉಳಿದಿರುವುದು ಮಾರಲು ಯಾರಿಗೂ ಹಕ್ಕಿಲ್ಲದ ಜಾಗ: ಹಳ್ಳ, ಕಾಲುವೆ, ದಾರಿ, ಗುಂಡುತೋಪು, ಕೆರೆಯಂಚು. ಅದನ್ನು ಹಿಡಿದುಕೊಳ್ಳಿ. ಅದನ್ನೆಲ್ಲ ಪೂರ್ತಿ ಬಿಟ್ಟು ಸೈಟು ಹಾಕಬೇಕಾದರೆ ಎಷ್ಟೋ ಬಡಾವಣೆಗಳ ಲಾಭದ ಲೆಕ್ಕ ತಾನಾಗಿ ಇಳಿಯುತ್ತದೆ.

ಪ್ರಕಟಣೆಯಲ್ಲಿರುವ ಕೊನೆಯ ದಿನಾಂಕ ನೋಡಿ. ಮಾಹಿತಿ ಹಕ್ಕಿನ ಉತ್ತರಕ್ಕೆ 30 ದಿನ ಹಿಡಿಯಬಹುದು, ಅದನ್ನು ಕಾಯುತ್ತ ಕೂರಬೇಡಿ. ಪ್ರಕಟಣೆಯ ಎಲ್ಲ ಸರ್ವೆ ನಂಬರುಗಳ ಪಹಣಿ, ಗ್ರಾಮ ನಕಾಶೆ, ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ), ಟಿಪ್ಪಣಿ (ಮೂಲ ಅಳತೆಯ ನಕ್ಷೆ) ತೆಗೆಸಿ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಹೊಲದಲ್ಲಿ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತೋರಿಸುತ್ತದೆ. ಹಳ್ಳದ ಉದ್ದಕ್ಕೂ ನಡೆದು ಫೋಟೊ ತೆಗೆಯಿರಿ, ದಿನಾಂಕ ಕಾಣುವಂತೆ. ಪಕ್ಕದಲ್ಲಿ ನಿಮ್ಮದೇ ಹೊಲವಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ. ನಿಮ್ಮ ಗಡಿ ಗುರುತಿಸಲು ಬಂದ ಭೂಮಾಪಕರು ಹಳ್ಳದ ಅಂಚನ್ನೂ ನೋಡಲೇಬೇಕಾಗುತ್ತದೆ.

ಆಮೇಲೆ ಪ್ರತಿ ಮನೆಯವರೂ ಬೇರೆ ಬೇರೆ ಆಕ್ಷೇಪಣೆ ಬರೆಯಲಿ, ಅವರವರಿಗೆ ನಿಜವಾಗಿ ತಟ್ಟುವ ವಿಷಯವನ್ನು ಮಾತ್ರ. ಹಳ್ಳದ ಕೆಳಗಿನವರು ನೀರಿನ ಬಗ್ಗೆ, ದಾರಿಯವರು ದಾರಿಯ ಬಗ್ಗೆ, ಪಕ್ಕದ ಬಾವಿಯವರು ಬಡಾವಣೆಯ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಎಂಬ ಬಗ್ಗೆ. ಏನು ಬೇಡ ಎನ್ನುವುದರ ಜೊತೆಗೆ ಏನು ಬೇಕು ಎಂದೂ ಬರೆಯಿರಿ: ಇಂಥ ಸರ್ವೆ ನಂಬರಿನ ಬಿ ಖರಾಬನ್ನು ವಸತಿ ವಲಯಕ್ಕೆ ಸೇರಿಸಬಾರದು, ನಕ್ಷೆಯಲ್ಲಿ ಹಳ್ಳವೆಂದೇ ತೋರಿಸಬೇಕು, ಎರಡು ಬದಿಯಲ್ಲಿ ಕಟ್ಟಡ ಕಟ್ಟಬಾರದ ಮೀಸಲು ಜಾಗವನ್ನು ಬಿಡಬೇಕು. ಪ್ರತಿಯೊಂದಕ್ಕೂ ಬೇರೆ ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯಲ್ಲಿ ನಿರ್ಣಯವಾದರೆ ಅದರ ಪ್ರತಿಯನ್ನು ಲಗತ್ತಿಸಿ, ಆದರೆ ನಿರ್ಣಯವೊಂದನ್ನೇ ನಂಬಿ ಕೂರಬೇಡಿ.

ತಡವಾಗಿಬಿಟ್ಟರೂ ದಾರಿ ಪೂರ್ತಿ ಮುಚ್ಚುವುದಿಲ್ಲ. ಊರಿನ ಕೆರೆಕುಂಟೆ, ಸಾರ್ವಜನಿಕ ಜಾಗದ ಒತ್ತುವರಿಯನ್ನು ತೆರವು ಮಾಡಿಸಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಬೆಂಗಳೂರಿನಲ್ಲಿ ಭೂಕಬಳಿಕೆ ನಿಷೇಧ ವಿಶೇಷ ನ್ಯಾಯಾಲಯವಿದೆ. ನಾವು ಈಗ ಓಡಾಡುತ್ತಿರುವುದು ಈ ದಾರಿಯಲ್ಲಿ. ಆದರೆ ಮನೆಗಳೆದ್ದ ಮೇಲೆ ಸಾಲ ಮಾಡಿ ಸೈಟು ಕೊಂಡ ಯಾವುದೋ ಬಡ ಕುಟುಂಬ ನಿಮ್ಮ ಎದುರಾಳಿಯಾಗಿ ನಿಲ್ಲುತ್ತದೆ. ಕಂಪನಿ ಅಷ್ಟು ಹೊತ್ತಿಗೆ ಊರು ಬಿಟ್ಟಿರುತ್ತದೆ.

ಕೊನೆಗೆ, ಹೊಲ ಮಾರಿದವರ ಮನೆಗೆ ಯಾರೂ ಹೋಗಬಾರದೆಂದು ನಿಮ್ಮೂರಲ್ಲಿ ಮಾತಾಗಿದೆ ಎಂದು ಬರೆದಿದ್ದೀರಿ. ದಯವಿಟ್ಟು ಅದನ್ನು ಕೈಬಿಡಿ. ಮಗಳ ಮದುವೆಗೋ ಬ್ಯಾಂಕಿನ ಸಾಲಕ್ಕೋ ಮಾರಿದವರ ಮೇಲೆ ತೀರ್ಪು ಕೊಡಲು ನಾವು ಯಾರು? ಹಳ್ಳದ ಬಾಂದು ಕಲ್ಲುಗಳು ಎಲ್ಲಿದ್ದವು, ಅವನ್ನು ಯಾವಾಗ ಕಿತ್ತರು ಎಂಬುದು ನಮ್ಮೂರಲ್ಲಿ ಸರಿಯಾಗಿ ಗೊತ್ತಿದ್ದದ್ದು ಹೊಲ ಮಾರಿದ ಆ ಮುದುಕರಿಗೆ ಮಾತ್ರ, ಏಕೆಂದರೆ ಜೀವಮಾನವೆಲ್ಲ ಅದರ ಅಂಚಿಗೆ ನೇಗಿಲು ತಿರುಗಿಸಿದವರು ಅವರು. ನಾವು ಮಾತು ಬಿಟ್ಟಿದ್ದೆವು, ಅವರನ್ನು ಕೇಳಲೇ ಇಲ್ಲ. ನೀವು ಈ ಸಂಜೆಯೇ ಹೋಗಿ, ಕಲ್ಲುಗಳ ಜಾಗ ತೋರಿಸಲು ಕೇಳಿ, ಅವರ ಹೇಳಿಕೆಯನ್ನು ಬರೆದುಕೊಂಡು ಸಹಿ ಹಾಕಿಸಿಕೊಳ್ಳಿ. ನಿಮ್ಮ ಊರಿಗೆ ಬೇಕಾದ ಸಹಿ ಅದು.