ಓದುಗರ ಪ್ರಶ್ನೆ, ನಮ್ಮ ಉತ್ತರ: ಅಡಿಕೆ ಮಂಡಿಯಿಂದ ಡೋಕ್ಲಾಮ್‌ವರೆಗೆ

ಪ್ರಶ್ನೆ: ನಾನು ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಈ ಸೆಮಿಸ್ಟರ್‌ನಲ್ಲಿ ಭಾರತದ ವಿದೇಶಾಂಗ ನೀತಿಯ ಪತ್ರಿಕೆ ನನ್ನ ಪಾಲಿಗೆ ಬಂದಿದೆ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅಡಿಕೆ, ಮೆಕ್ಕೆಜೋಳ ಬೆಳೆಯುವ ಮನೆಗಳವರು. ಪಂಚಶೀಲ, ಅಲಿಪ್ತ ನೀತಿ ಎಂದು ಹೇಳುತ್ತ ಹೋದರೆ ತಲೆ ಬಗ್ಗಿಸಿ ಬರೆದುಕೊಳ್ಳುತ್ತಾರೆ. ತರಗತಿಯಲ್ಲಿ ಒಂದು ಪ್ರಶ್ನೆಯೂ ಏಳುವುದಿಲ್ಲ. ಎಲ್ಲಿಂದ ಆರಂಭಿಸಲಿ?
– ಉಪನ್ಯಾಸಕಿ, ಚನ್ನಗಿರಿ

ಉತ್ತರ: ಅಡಿಕೆಯಿಂದಲೇ ಆರಂಭಿಸಿ. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ (ಅದಕ್ಕಿಂತ ಅಗ್ಗದ ಸರಕನ್ನು ಒಳಬಿಡದ ಬೆಲೆಮಿತಿ) ಷರತ್ತಿಲ್ಲದೆ, ಪಶ್ಚಿಮ ಬಂಗಾಳದ ಜೈಗಾಂವ್ ಗಡಿ ಠಾಣೆಯ ಮೂಲಕ ತರಿಸಿಕೊಳ್ಳಲು ಅವಕಾಶ ಕೊಟ್ಟಿತು. ನಮ್ಮ ಬೆಳೆಗಾರರು ಇದನ್ನು ವಿರೋಧಿಸಿದರು. 2023ರ ಫೆಬ್ರುವರಿಯಲ್ಲಿ ಅದೇ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿತು. ಈ ಎರಡೂ ತೀರ್ಮಾನಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಒಂದು ಕೈಯಲ್ಲಿ ಬಾಗಿಲು ತೆರೆದ ಸರ್ಕಾರ ಇನ್ನೊಂದು ಕೈಯಲ್ಲಿ ಅದನ್ನು ಬಿಗಿಗೊಳಿಸಿದ್ದೇಕೆ ಎಂದು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿರಿ. ಅಡಿಕೆ ಧಾರಣೆಯನ್ನು ಬೆಳಿಗ್ಗೆ ಎದ್ದೊಡನೆ ಫೋನಿನಲ್ಲಿ ನೋಡುವ ಮನೆಗಳ ಮಕ್ಕಳು ಈ ಪ್ರಶ್ನೆಗೆ ಬಾಯಿ ಮುಚ್ಚಿಕೊಂಡಿರಲಾರರು.

ಉತ್ತರ ಹುಡುಕಲು ಹೊರಟಾಗ ಭೂತಾನ ಎಲ್ಲಿದೆ ಎಂಬುದು ಮೊದಲು ಬೇಕಾಗುತ್ತದೆ. ಭೂಪಟ ಬಿಡಿಸಿ. ಈಶಾನ್ಯ ರಾಜ್ಯಗಳನ್ನು ಉಳಿದ ದೇಶಕ್ಕೆ ಜೋಡಿಸುವ ಸಿಲಿಗುರಿಯ ನೆಲಪಟ್ಟಿ ಅತಿ ಕಿರಿದಾದ ಕಡೆ ಸುಮಾರು 20 ಕಿ.ಮೀ. ಅಗಲವಷ್ಟೇ ಇದೆ, ಅದರ ಉತ್ತರಕ್ಕೆ, ಸಿಕ್ಕಿಂ, ಭೂತಾನ, ಟಿಬೆಟ್ ಮೂರೂ ಸೇರುವಲ್ಲಿ ಡೋಕ್ಲಾಮ್ ಇದೆ. 2017ರಲ್ಲಿ ಭಾರತ ಮತ್ತು ಚೀನಾದ ಸೈನಿಕರು ಅಲ್ಲಿ 73 ದಿನ ಮುಖಾಮುಖಿಯಾಗಿ ನಿಂತಿದ್ದರು. ಭಾರತ–ಭೂತಾನ ಮೈತ್ರಿ ಒಪ್ಪಂದ 1949ರದು, ಪರಿಷ್ಕೃತವಾದದ್ದು 2007ರಲ್ಲಿ. ಭೂತಾನದ ಚುಖಾ (336 ಮೆಗಾವಾಟ್) ಮತ್ತು ತಾಲಾ (1,020 ಮೆಗಾವಾಟ್) ಜಲವಿದ್ಯುತ್ ಯೋಜನೆಗಳು ಭಾರತದ ನೆರವಿನಿಂದ ಆದವು. ಅಲ್ಲಿಂದ ವಿದ್ಯುತ್ ನಮಗೆ ಬರುತ್ತದೆ. ಇಂಥ ನೆರೆಯವನ ತೋಟದ ಬೆಳೆಗೆ ಮಾರುಕಟ್ಟೆ ಕೊಡುವುದು ಎಷ್ಟು ಮುಖ್ಯ, ಅದರ ಭಾರವನ್ನು ಯಾರು ಹೊರಬೇಕು ಎಂಬ ಪ್ರಶ್ನೆಗಳೇ ವಿದೇಶಾಂಗ ನೀತಿಯ ತಿರುಳು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಡೋಕ್ಲಾಮ್‌ನ ಕಾರಣಕ್ಕೇ ಅಡಿಕೆ ಆಮದಿಗೆ ಅವಕಾಶ ಕೊಟ್ಟಿದ್ದೇವೆ ಎಂದು ಸರ್ಕಾರದ ಅಧಿಸೂಚನೆ ಹೇಳುವುದಿಲ್ಲ. ಅಧಿಸೂಚನೆಯಲ್ಲಿರುವುದು ಯಾವುದು, ನಾವು ಊಹಿಸಿ ಜೋಡಿಸಿದ್ದು ಯಾವುದು ಎಂಬುದನ್ನು ವಿದ್ಯಾರ್ಥಿಗಳಿಂದಲೇ ಎರಡು ಕಾಲಂಗಳಲ್ಲಿ ಬರೆಸಿ. ಈ ಒಂದು ಅಭ್ಯಾಸ ಕೈಗೂಡಿದರೆ ಅರ್ಧ ಪಠ್ಯಕ್ರಮ ಮುಗಿದಂತೆಯೇ ಎಂದು ನಾನು ನಂಬಿದ್ದೇನೆ.

ದಾವಣಗೆರೆಯಲ್ಲಿ ಹಿಂದೊಮ್ಮೆ ಬಿ.ಎ. ವಿದ್ಯಾರ್ಥಿಗಳನ್ನು ಐದು ಗುಂಪು ಮಾಡಿ ಇದೇ ವಿಷಯವನ್ನು ಚರ್ಚೆಗಿಟ್ಟಿದ್ದೆ: ವಿದೇಶಾಂಗ ಸಚಿವಾಲಯ, ಕೃಷಿ ಸಚಿವಾಲಯ, ಬೆಳೆಗಾರರ ಸಂಘ, ಆಮದು ವರ್ತಕರು, ಭೂತಾನ ಸರ್ಕಾರ. ಮನೆಯಲ್ಲಿ ಮೂರು ಎಕರೆ ತೋಟವಿರುವ ಹುಡುಗಿಯೊಬ್ಬಳಿಗೆ ವಿದೇಶಾಂಗ ಸಚಿವಾಲಯದ ಪಾಲು ಬಂತು. ಮೊದಲ ಹತ್ತು ನಿಮಿಷ ಅವಳು ಬೆಳೆಗಾರರ ಪರವಾಗಿಯೇ ಮಾತನಾಡಿದಳು. ಭೂತಾನದ ಗುಂಪಿನ ಹುಡುಗ ಎದ್ದು, ‘ನೀವು ಕೊಳ್ಳದಿದ್ದರೆ ನಾವು ಯಾರಿಗೆ ಮಾರಬೇಕು, ಹೇಳಿ’ ಎಂದಾಗ ಅವಳು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟು, ಭೂಪಟದತ್ತ ನೋಡುತ್ತ ನಿಂತಳು. ಆಮೇಲೆ, ಆಮದಿಗೆ ಮಿತಿ ಹಾಕಿ, ಬರುವ ದಾರಿಯನ್ನೂ ಒಂದೇ ಮಾಡಿ ಒಪ್ಪಬಹುದೇ ಎಂದು ಮೆಲ್ಲಗೆ ಕೇಳಿದಳು. 17,000 ಟನ್‌ನ ಮಿತಿಯನ್ನೂ ಜೈಗಾಂವ್‌ನ ಹೆಸರನ್ನೂ ನಾನು ಅವರಿಗೆ ಅಲ್ಲಿಯವರೆಗೆ ಹೇಳಿರಲಿಲ್ಲ.

ಪಂಚಶೀಲವನ್ನು, ಅಂದರೆ 1954ರಲ್ಲಿ ಭಾರತ ಮತ್ತು ಚೀನಾ ಒಪ್ಪಿದ ಶಾಂತಿಯುತ ಸಹಬಾಳ್ವೆಯ ಐದು ತತ್ತ್ವಗಳನ್ನು, ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದನ್ನೂ ಒಂದು ತೀರ್ಮಾನವಾಗಿ ಕಲಿಸಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಐದು ತತ್ತ್ವಗಳನ್ನು ಬರೆಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, ‘ಸಾರ್, ಎಂಟು ವರ್ಷಕ್ಕೇ ಯುದ್ಧ ಆಯಿತಲ್ಲ, ಮತ್ತೆ ಸಹಿ ಯಾಕೆ ಮಾಡಿದರು?’ ಎಂದು ಕೇಳಿದ್ದ. ‘ಅದು ಮುಂದಿನ ಘಟಕದಲ್ಲಿ ಬರುತ್ತದೆ’ ಎಂದು ಹೇಳಿ ಮುಂದಿನ ಅಂಶಕ್ಕೆ ಹೋದೆ. ಆ ಉತ್ತರ ನನ್ನನ್ನು ಇಂದಿಗೂ ನೋಯಿಸುತ್ತದೆ, ಏಕೆಂದರೆ ಅಂದು ನಾನು ಮೂಲ ಒಪ್ಪಂದವನ್ನು ಓದಿರಲಿಲ್ಲ. 1954ರ ಏಪ್ರಿಲ್ 29ರಂದು ಸಹಿಯಾದದ್ದು ಟಿಬೆಟ್ ಪ್ರದೇಶದೊಂದಿಗಿನ ವ್ಯಾಪಾರ ಮತ್ತು ಸಂಚಾರದ ಒಪ್ಪಂದ. ಐದು ತತ್ತ್ವಗಳು ಇರುವುದು ಅದರ ಪೀಠಿಕೆಯಲ್ಲಿ. ಅದರ ಅವಧಿ ಎಂಟೇ ವರ್ಷ, 1962ರ ಅಕ್ಟೋಬರ್‌ನಲ್ಲಿ ಯುದ್ಧ ಆರಂಭವಾಗುವ ಮೊದಲೇ ಅದು ಮುಗಿದಿತ್ತು. ಒಪ್ಪಂದದ ಜೊತೆಯ ಪತ್ರಗಳ ಪ್ರಕಾರ ಭಾರತ ಟಿಬೆಟ್‌ನ ಯಾತುಂಗ್ ಮತ್ತು ಗ್ಯಾಂಟ್ಸೆಯಲ್ಲಿದ್ದ ತನ್ನ ಸೈನಿಕ ಬೆಂಗಾವಲನ್ನು ಹಿಂದಕ್ಕೆ ಕರೆಸಿಕೊಂಡಿತು, ಅಂಚೆ–ತಂತಿ ವ್ಯವಸ್ಥೆಯನ್ನೂ 12 ತಂಗುಮನೆಗಳನ್ನೂ ಬಿಟ್ಟುಕೊಟ್ಟಿತು. ಕೊಟ್ಟದ್ದೇನು, ಪಡೆದದ್ದೇನು ಎಂದು ಈ ಪುಟಗಳನ್ನು ಮುಂದಿಟ್ಟು ಕೇಳಿದ್ದರೆ ಆ ಹುಡುಗನಿಗೆ ನ್ಯಾಯ ಸಲ್ಲುತ್ತಿತ್ತು.

ಪ್ರಶ್ನೆ: ಮೂಲ ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿವೆ, ನನ್ನ ವಿದ್ಯಾರ್ಥಿಗಳು ಕನ್ನಡ ಮಾಧ್ಯಮದವರು. ಗೈಡುಗಳನ್ನು ಬಿಟ್ಟರೆ ಬೇರೆ ದಾರಿ ಇದೆಯೇ?
– ಸಹಾಯಕ ಪ್ರಾಧ್ಯಾಪಕ, ಹರಿಹರ

ಉತ್ತರ: ಇದೆ. ವಿದೇಶಾಂಗ ಸಚಿವಾಲಯದ ವಾರ್ಷಿಕ ವರದಿ, ಜಂಟಿ ಹೇಳಿಕೆಗಳು, ಒಪ್ಪಂದಗಳ ಪಠ್ಯ, ಸಂಸತ್ತಿನ ಪ್ರಶ್ನೋತ್ತರ ಎಲ್ಲವೂ ಉಚಿತವಾಗಿ ಸಿಗುತ್ತವೆ. ಇಡೀ ದಾಖಲೆ ಬೇಡ, ಒಂದು ತರಗತಿಗೆ ಅರ್ಧ ಪುಟ ಸಾಕು. ನೀವು ಓದಿ ಅರ್ಥ ಹೇಳಿ, ಇಬ್ಬರು ವಿದ್ಯಾರ್ಥಿಗಳು ಅದನ್ನು ಕನ್ನಡದಲ್ಲಿ ಹಲಗೆಯ ಮೇಲೆ ಬರೆಯಲಿ, ಉಳಿದವರು ತಿದ್ದಲಿ. ರಾಜತಂತ್ರದಲ್ಲಿ ಕಳವಳ, ವಿಷಾದ, ಖಂಡನೆ ಎಂಬ ಪದಗಳು ಬೇರೆ ಬೇರೆ ಮೆಟ್ಟಿಲುಗಳು. ಯಾವ ಮೆಟ್ಟಿಲಿನ ಮೇಲೆ ಒಂದು ದೇಶ ನಿಂತಿದೆ ಎಂಬುದು ಅನುವಾದ ಮಾಡುವ ಕೈಗೆ ತಿಳಿಯುವಷ್ಟು ಚೆನ್ನಾಗಿ ಇಂಗ್ಲಿಷಿನಲ್ಲೇ ಓದಿ ಮುಗಿಸುವವರಿಗೂ ತಿಳಿಯುವುದಿಲ್ಲ. ಕನ್ನಡ ಮಾಧ್ಯಮವನ್ನು ಕೊರತೆ ಎಂದು ಭಾವಿಸಬೇಡಿ.

ಒಳ್ಳೆಯ ಅಭ್ಯಾಸವೊಂದನ್ನು ಹೇಳುತ್ತೇನೆ. ಉಕ್ರೇನ್ ಕುರಿತು 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ನಡೆದ ಮತದಾನದಲ್ಲಿ, ರಷ್ಯಾದ ಆಕ್ರಮಣ ನಿಲ್ಲಬೇಕೆಂಬ ನಿರ್ಣಯದ ಪರವಾಗಿ 141, ವಿರುದ್ಧವಾಗಿ 5 ಮತಗಳು ಬಿದ್ದವು, 35 ದೇಶಗಳು ಮತದಾನದಿಂದ ದೂರ ಉಳಿದವು. ಭಾರತ ಈ 35ರಲ್ಲಿ ಒಂದು. ಆ ದಿನಗಳಲ್ಲಿ ಭಾರತ ನೀಡಿದ ಹೇಳಿಕೆಗಳಲ್ಲಿ ರಾಷ್ಟ್ರಗಳ ಸಾರ್ವಭೌಮತೆ ಮತ್ತು ಪ್ರಾದೇಶಿಕ ಸಮಗ್ರತೆಯ ಮಾತಿದೆ, ಸಿಕ್ಕಿಬಿದ್ದ ಭಾರತೀಯರಿಗೆ ಸುರಕ್ಷಿತ ದಾರಿ ಬೇಕೆಂಬ ಒತ್ತಾಯವಿದೆ, ರಷ್ಯಾವನ್ನು ಹೆಸರಿಸಿ ಖಂಡಿಸುವ ಮಾತಿಲ್ಲ. ಅದೇ ವಾರಗಳಲ್ಲಿ ‘ಆಪರೇಷನ್ ಗಂಗಾ’ದಡಿ ಸುಮಾರು 22,500 ಜನರು ಅಲ್ಲಿಂದ ಮರಳಿದರು, ಅವರಲ್ಲಿ ಬಹುಪಾಲು ವೈದ್ಯಕೀಯ ವಿದ್ಯಾರ್ಥಿಗಳು, ನಮ್ಮ ಮಧ್ಯ ಕರ್ನಾಟಕದ ಮಕ್ಕಳೂ ಇದ್ದರು. ಇದರ ಪಕ್ಕದಲ್ಲಿ, ಸೋವಿಯತ್ ಸೇನೆ ನುಗ್ಗಿದ್ದ ಎರಡು ದೇಶಗಳ ಕುರಿತ ಮತದಾನಗಳನ್ನು, ಅಂದರೆ 1968ರಲ್ಲಿ ಜೆಕೊಸ್ಲೊವಾಕಿಯಾ ಕುರಿತ ಭದ್ರತಾ ಮಂಡಳಿಯ ಮತದಾನವನ್ನೂ 1980ರ ಜನವರಿಯಲ್ಲಿ ಅಫ್ಗಾನಿಸ್ತಾನ ಕುರಿತ ಸಾಮಾನ್ಯ ಸಭೆಯ ಮತದಾನವನ್ನೂ ಇಡಿ. ಆ ಎರಡರಲ್ಲೂ ಭಾರತ ಮತದಾನದಿಂದ ದೂರ ಉಳಿದಿತ್ತು. ಮೂರು ಕಾಲ, ಒಂದೇ ಬಗೆಯ ಮತ. ಕಾರಣಗಳೂ ಒಂದೇ ಇದ್ದವೇ ಎಂದು ಕೇಳಿದರೆ ಒಂದು ವಾರದ ಅಸೈನ್‌ಮೆಂಟ್ ಸಿದ್ಧವಾಗುತ್ತದೆ.

ಪದಗಳ ವಿಚಾರದಲ್ಲಿ ಇನ್ನೊಂದು ಮಾತು. ನಮ್ಮ ಗೈಡುಗಳಲ್ಲಿ ‘ಅಲಿಪ್ತ’ ಮತ್ತು ‘ತಟಸ್ಥ’ ಎಂಬ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದನ್ನು ಕಂಡಿದ್ದೇನೆ. ದಡದಲ್ಲಿ ನಿಂತವನು ತಟಸ್ಥ. ನೀರಿಗಿಳಿದೂ ಅಂಟಿಸಿಕೊಳ್ಳದವನು ಅಲಿಪ್ತ. 1961ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಅಲಿಪ್ತ ದೇಶಗಳ ಮೊದಲ ಸಮ್ಮೇಳನಕ್ಕೆ ಸೇರಿದ ದೇಶಗಳು ಜಗತ್ತಿನ ವಿಚಾರಗಳಲ್ಲಿ ಮಾತನಾಡುವುದಿಲ್ಲ ಎನ್ನಲಿಲ್ಲ, ಯಾರ ಸೇನಾಕೂಟಕ್ಕೂ ಸೇರುವುದಿಲ್ಲ ಎಂದವು. ಈ ವ್ಯತ್ಯಾಸವನ್ನು ನಮ್ಮ ಭಾಷೆ ತಾನಾಗಿಯೇ ಹಿಡಿದುಕೊಟ್ಟಿರುವಾಗ ನಾವೇ ಅದನ್ನು ಕಲಸಬಾರದು.

ಪ್ರಶ್ನೆ: ಶಕ್ತಿ ಸಮತೋಲನದಂಥ ಸಿದ್ಧಾಂತಗಳಿಗೆ ಯುರೋಪಿನ ಉದಾಹರಣೆಗಳೇ ಪಠ್ಯದಲ್ಲಿವೆ. ನಮ್ಮ ನೆಲದ ಉದಾಹರಣೆ ಕೊಡಬಹುದೇ?
– ಉಪನ್ಯಾಸಕ, ಚಿತ್ರದುರ್ಗ

ಉತ್ತರ: ಕೋಟೆಯ ಕೆಳಗೇ ಇದ್ದೀರಿ! ಹದಿನೆಂಟನೆಯ ಶತಮಾನದ ದುರ್ಗವನ್ನು ಒಂದು ಸಣ್ಣ ರಾಜ್ಯವಾಗಿ ನೋಡಿ: ಉತ್ತರಕ್ಕೆ ಮರಾಠರು, ದಕ್ಷಿಣಕ್ಕೆ ಹೈದರಾಲಿಯ ಮೈಸೂರು, ಇಬ್ಬರಿಗೂ ದುರ್ಗದ ನೆರವು ಬೇಕು, ಇಬ್ಬರಿಗೂ ದುರ್ಗದ ಮೇಲೆ ಶಂಕೆ. ಯಾರೊಡನೆ ಸೇರಿದರೆ ಉಳಿವು, ಎಷ್ಟು ದಿನ ಕಾಯಬಹುದು ಎಂಬ ಇಕ್ಕಟ್ಟು ಮದಕರಿ ನಾಯಕನದಾಗಿತ್ತು. 1779ರಲ್ಲಿ ದುರ್ಗ ಹೈದರನ ವಶವಾಯಿತು. ಇದನ್ನು ಚರ್ಚಿಸಿದ ಮೇಲೆ ಭಾರತ ಮತ್ತು ಚೀನಾದ ನಡುವಿನ ನೇಪಾಳದ ನಡೆಯನ್ನು ವಿದ್ಯಾರ್ಥಿಗಳು ಕೃತಘ್ನತೆ ಎಂಬ ಒಂದೇ ಪದದಲ್ಲಿ ತಳ್ಳಿಹಾಕುವುದಿಲ್ಲ. ಒನಕೆ ಓಬವ್ವನ ಕಿಂಡಿಯನ್ನು ನೋಡಲು ಹೋದಾಗ ಹೋಲಿಕೆಯ ಮಿತಿಯನ್ನೂ ಹೇಳಿ: ಪಾಳೆಯಗಾರನಿಗೆ ವಿಶ್ವಸಂಸ್ಥೆಯೂ ಇರಲಿಲ್ಲ, ಗಡಿ ಒಪ್ಪಂದಗಳೂ ಇರಲಿಲ್ಲ. ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ನಾಣ್ಯಗಳನ್ನು ವ್ಯಾಪಾರದ ಪಾಠಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ಟಿ.ವಿ. ಚರ್ಚೆಗಳನ್ನು ನೋಡಿ ಬಂದ ವಿದ್ಯಾರ್ಥಿಗಳು ಪಾಕಿಸ್ತಾನ, ಚೀನಾದ ವಿಷಯ ಬಂದರೆ ಕೂಗಾಡುತ್ತಾರೆ. ಏನು ಮಾಡಲಿ?
– ಉಪನ್ಯಾಸಕಿ, ಹೊಳಲ್ಕೆರೆ

ಉತ್ತರ: ಒಂದು ನಿಯಮ ಮಾಡಿ. ತನ್ನ ಅಭಿಪ್ರಾಯ ಹೇಳುವ ಮೊದಲು ಎದುರಿನ ದೇಶದ ವಾದವನ್ನು, ಆ ದೇಶದವನೇ ಕೇಳಿದರೂ ‘ಹೌದು, ಇದೇ ನಮ್ಮ ವಾದ’ ಎನ್ನುವಂತೆ ಎರಡು ನಿಮಿಷ ಹೇಳಬೇಕು. ಒಪ್ಪಬೇಕೆಂದಿಲ್ಲ, ಹೇಳಲು ಬರಬೇಕು. ಸಂಧಾನಕ್ಕೆ ಕೂರುವ ಅಧಿಕಾರಿ ಪ್ರತಿದಿನ ಮಾಡುವ ಕೆಲಸವೂ ಇದೇ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಈ ವಿಷಯಕ್ಕೆ ನಾನೊಬ್ಬನೇ. ಉಪನ್ಯಾಸಕರಿಗೇ ತರಬೇತಿ ಎಲ್ಲಿ ಸಿಗುತ್ತದೆ?
– ಉಪನ್ಯಾಸಕ, ಜಗಳೂರು

ಉತ್ತರ: ನಿವೃತ್ತ ರಾಯಭಾರಿಗಳನ್ನು ವಿಶ್ವವಿದ್ಯಾಲಯಗಳಿಗೆ ಕಳುಹಿಸುವ ಉಪನ್ಯಾಸ ಮಾಲೆಯನ್ನು ವಿದೇಶಾಂಗ ಸಚಿವಾಲಯ ನಡೆಸುತ್ತದೆ; ದೆಹಲಿಯ ಸಪ್ರು ಹೌಸ್‌ನಲ್ಲಿರುವ, 1943ರಲ್ಲಿ ಸ್ಥಾಪನೆಯಾದ ಭಾರತೀಯ ವಿಶ್ವ ವ್ಯವಹಾರಗಳ ಪರಿಷತ್ತೂ ವಿಶ್ವವಿದ್ಯಾಲಯಗಳೊಂದಿಗೆ ಕಾರ್ಯಕ್ರಮಗಳನ್ನು ಮಾಡುತ್ತದೆ. ತೋಳಹುಣಸೆಯ ಶಿವಗಂಗೋತ್ರಿಯಲ್ಲಿರುವ ದಾವಣಗೆರೆ ವಿಶ್ವವಿದ್ಯಾಲಯದ ಮೂಲಕ ಪತ್ರ ಬರೆಯಲು ವಿಭಾಗದವರನ್ನು ಕೇಳಿಕೊಳ್ಳಿ. ಆದರೆ ವರ್ಷಕ್ಕೊಮ್ಮೆ ಬರುವ ಅತಿಥಿಯ ಭಾಷಣಕ್ಕಿಂತ ನಿಮ್ಮಂಥ ಐದಾರು ಜನರು ತಿಂಗಳಿಗೊಂದು ಶನಿವಾರ ಸೇರುವುದು ಹೆಚ್ಚು ಕೆಲಸ ಮಾಡುತ್ತದೆ. ಪ್ರತಿಯೊಬ್ಬರೂ ಒಂದೊಂದು ದಾಖಲೆಯನ್ನೂ, ಅದನ್ನು ತರಗತಿಯಲ್ಲಿ ಬಳಸಿದಾಗ ವಿದ್ಯಾರ್ಥಿಗಳು ಕೇಳಿದ, ನಿಮಗೆ ಉತ್ತರಿಸಲಾಗದ ಒಂದು ಪ್ರಶ್ನೆಯನ್ನೂ ತನ್ನಿ. ಮೇಲೆ ಪತ್ರ ಬರೆದಿರುವ ಚನ್ನಗಿರಿ, ಹರಿಹರ, ಚಿತ್ರದುರ್ಗ, ಹೊಳಲ್ಕೆರೆಯ ನಾಲ್ವರೂ ಒಪ್ಪಿದರೆ ಅವರಿಗೆ ನಿಮ್ಮ ಪತ್ರವನ್ನು ತಲುಪಿಸುತ್ತೇನೆ. ಮೊದಲ ಶನಿವಾರಕ್ಕೆ 1954ರ ಒಪ್ಪಂದದ ಪ್ರತಿಯನ್ನು ನಾನೇ ತರುತ್ತೇನೆ.