ಗಾಯ ಎಷ್ಟು ಹೊತ್ತಿನದು ಅಂತ ಹೇಳೋಕೆ ಥೀಸಿಸ್‌ಗೆ ಯಾವ ಪ್ರೋಟೀನ್ ತಗೊಳ್ಳಲಿ?

ಫೈಬ್ರೊನೆಕ್ಟಿನ್ನೋ ಟೆನಾಸಿನ್ನೋ, ಒಂದೇ ಒಂದು ಹೇಳಿ ಅಂದಿದ್ದೀರಿ. ಫೊರೆನ್ಸಿಕ್ ಪಿಜಿಯಲ್ಲಿದ್ದಾಗ ನಾನೂ ನಮ್ಮ ಗೈಡ್‌ ಹತ್ತಿರ ಇದನ್ನೇ ಕೇಳಿದ್ದೆ. ಕೊನೆಗೆ ಫೈಬ್ರೊನೆಕ್ಟಿನ್ ಆರಿಸಿಕೊಂಡೆ. ಗಾಯವಾದ 10-20 ನಿಮಿಷಕ್ಕೇ ಅದು ಕಾಣಿಸುತ್ತದೆ ಎಂದು ಓದಿದ್ದೆ. ಮಾಮೂಲಿ ಸ್ಲೈಡ್‌ನಲ್ಲಿ ಅಷ್ಟು ಬೇಗ ಏನೂ ಸಿಗುವುದಿಲ್ಲ ಅಲ್ವಾ, ಅದೇ ಆಸೆ.

ನಮ್ಮ ಶವಾಗಾರಕ್ಕೆ ರಸ್ತೆ ಅಪಘಾತದ ಕೇಸುಗಳೇ ಜಾಸ್ತಿ. ಪಿಎಂ (ಮರಣೋತ್ತರ ಪರೀಕ್ಷೆ) ಮಾಡುವಾಗ ಗಾಯದ ಅಂಚಿನಿಂದ ಒಂದು ತುಂಡು ಚರ್ಮ ತೆಗೆದು ಫಾರ್ಮಲಿನ್‌ಗೆ ಹಾಕುತ್ತಾ ಹೋದೆ. ಐಎಚ್‌ಸಿ (ಹುಡುಕುವ ಪ್ರೋಟೀನ್ ಇರುವಲ್ಲಿ ಕಂದು ಬಣ್ಣ ಬರಿಸುವ ವಿಧಾನ) ಸ್ಲೈಡ್‌ಗಳು ಬಂದಾಗ ಎಲ್ಲದರಲ್ಲೂ ಅಂಚಿನುದ್ದಕ್ಕೂ ಕಂದು ಬಣ್ಣ. ನನಗೆ ಖುಷಿಯೋ ಖುಷಿ. ಪ್ಯಾಥಾಲಜಿಯ ಮೇಡಂ ಒಂದೊಂದಾಗಿ ನೋಡಿ, "ಸ್ಥಳದಲ್ಲೇ ಸತ್ತವರಲ್ಲೂ ಇಷ್ಟೇ ಬಣ್ಣ ಇದೆಯಲ್ಲ? ಗಾಯ ಇಲ್ಲದ ಚರ್ಮದ ಸ್ಲೈಡ್ ಎಲ್ಲಪ್ಪಾ?" ಎಂದರು.

ನಾನು ತೆಗೆದೇ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾಗಬೇಡಿ. ಫೈಬ್ರೊನೆಕ್ಟಿನ್ ರಕ್ತದ ಪ್ಲಾಸ್ಮಾದಲ್ಲೇ ಇರುತ್ತದೆ. ರಕ್ತ ಹರಿದ ಕಡೆ ಅಂಚು ಅದನ್ನು ಹೀರಿಕೊಳ್ಳುತ್ತದೆ. ಸತ್ತ ಮೇಲೆ ಆದ ಗಾಯವೂ ಬಣ್ಣ ತೋರಿಸಬಹುದು. ಗಾಯವೇ ಇಲ್ಲದ ಚರ್ಮದಲ್ಲೂ ರಕ್ತನಾಳಗಳ ಗೋಡೆಯಲ್ಲಿ ಅದು ಇದ್ದೇ ಇರುತ್ತದೆ. ಹಾಗಾಗಿ ಬಣ್ಣ ಬಂತೋ ಇಲ್ಲವೋ ಅನ್ನುವುದಲ್ಲ, ಅಂಚಿನಿಂದ ಒಳಗೆ ಎಳೆ ಎಳೆಯಾಗಿ ಬಲೆ ಕಟ್ಟಿದೆಯೇ ಎಂದು ನೋಡಬೇಕು. ಅದನ್ನು ಹೋಲಿಸಲು ಅದೇ ದೇಹದ ಇನ್ನೊಂದು ಬದಿಯ ಗಾಯವಿಲ್ಲದ ಚರ್ಮ ಬೇಕು. ಸತ್ತ ನಂತರದ ಗಾಯವೂ ಒಂದು ಬೇಕು. ಅದಕ್ಕೆ ಎಲ್ಲಿಗೂ ಹೋಗಬೇಕಿರಲಿಲ್ಲ! ಪಿಎಂಗೆ ನಾವೇ ಹಾಕುವ ಕೊಯ್ತ ಇದೆಯಲ್ಲ, ಅದರ ಅಂಚು ಸಾಕಿತ್ತು. ದಿನಾ ಆ ಕೊಯ್ತ ಹಾಕಿ, ದಿನಾ ಹೊಲಿದು ಕಳಿಸುತ್ತಿದ್ದವನಿಗೆ ಅಲ್ಲಿಂದ ಒಂದು ಚೂರು ತೆಗೆಯಬೇಕು ಎಂದು ಹೊಳೆಯಲೇ ಇಲ್ಲ. ದೇಹಗಳು ಮನೆಯವರ ಕೈ ಸೇರಿ ಮಣ್ಣಾಗಿದ್ದವು, ಬೂದಿಯಾಗಿದ್ದವು. ಇನ್ನು ಯಾರನ್ನು ಕೇಳುವುದು? ಸಂಗ್ರಹ ಮೊದಲಿನಿಂದ ಶುರು, ನನ್ನ ಪಿಜಿ ಪರೀಕ್ಷೆ ಮುಂದಕ್ಕೆ. ಬ್ಯಾಚಿನವರು ಕೆಲಸಕ್ಕೆ ಸೇರಿದಾಗ ನಾನಿನ್ನೂ ಹಾಸ್ಟೆಲಿನಲ್ಲೇ ಇದ್ದೆ.

ಈಗ ನಿಮ್ಮ ಪ್ರಶ್ನೆ. "ಗಂಟೆ ಲೆಕ್ಕದಲ್ಲಿ ನಿಖರವಾಗಿ" ಎಂದಿದ್ದೀರಿ. ಅಂಥ ಪ್ರೋಟೀನ್ ಯಾವುದೂ ಇಲ್ಲ, ಹುಡುಕಬೇಡಿ. ಸಿಗುವುದು "ಕನಿಷ್ಠ ಇಷ್ಟು" ಅನ್ನುವ ಮಿತಿ ಮಾತ್ರ. 1990ರ ದಶಕದಲ್ಲಿ ಜರ್ಮನಿಯ ಪೀಟರ್ ಬೆಟ್ಝ್ ಗಾಯದ ವಯಸ್ಸಿನ ಬಗ್ಗೆ ಮಾಡಿದ ಕೆಲಸದ ತಿರುಳೂ ಅದೇ. ಟೆನಾಸಿನ್ ಕಂಡರೆ ಗಾಯಕ್ಕೆ ಹತ್ತಿರ ಹತ್ತಿರ 2 ದಿನವಾದರೂ ಆಗಿರಬೇಕು. ಮೂರನೇ ಬಗೆಯ ಕೊಲಾಜೆನ್ 2-3 ದಿನಕ್ಕೆ, ಒಂದನೇ ಬಗೆಯದು ಇನ್ನೂ ತಡ. ಕಾಣದಿದ್ದರೆ? ಏನೂ ಹೇಳುವಂತಿಲ್ಲ. ವಯಸ್ಸಾದವರಲ್ಲಿ, ಸ್ಟೀರಾಯ್ಡ್ ತಗೊಳ್ಳುವವರಲ್ಲಿ ಎಲ್ಲವೂ ನಿಧಾನ. ನಾವು ಬಾಯಿಪಾಠ ಮಾಡಿದ ಕಂದಿದ ಗಾಯದ ಬಣ್ಣಗಳ ಪಟ್ಟಿಯ ಗತಿಯೂ ಇದೇ. 1991ರಲ್ಲಿ ಲ್ಯಾಂಗ್ಲಾಯ್ಸ್ ಮತ್ತು ಗ್ರೆಶಮ್ ಅದನ್ನು ಪರೀಕ್ಷಿಸಿದಾಗ ಗಟ್ಟಿಯಾಗಿ ಉಳಿದದ್ದು ಒಂದೇ ಮಾತು: ಹಳದಿ ಕಂಡರೆ 18 ಗಂಟೆ ದಾಟಿದೆ.

ನನ್ನ ಪ್ರಕಾರ ಮಾರ್ಕರ್, ಅಂದರೆ ಯಾವ ಪ್ರೋಟೀನ್ ಅನ್ನುವುದು, ನಿಮ್ಮ ನಿಜವಾದ ತಲೆನೋವೇ ಅಲ್ಲ. ಬೇಗ ಬರುವುದೊಂದು, ತಡವಾಗಿ ಬರುವುದೊಂದು, ಎರಡನ್ನೂ ಇಟ್ಟುಕೊಳ್ಳಿ, ಮುಗೀತು. ಕಷ್ಟ ಇರುವುದು ಗಾಯವಾದ ಸಮಯ ಖಚಿತವಾಗಿ ಗೊತ್ತಿರುವ ಕೇಸು ಹುಡುಕುವುದರಲ್ಲಿ. ಪೊಲೀಸರ ಇನ್‌ಕ್ವೆಸ್ಟ್ ವರದಿಯಲ್ಲಿ ಸುಮ್ನೆ ಅಂದಾಜಿಗೆ ಬರೆದ ಸಮಯ ನಂಬಬೇಡಿ. ಕಣ್ಣಾರೆ ಕಂಡವರು ಆಸ್ಪತ್ರೆಗೆ ತಂದು, ಎಂಎಲ್‌ಸಿ (ಆಸ್ಪತ್ರೆಗೆ ಬರುವ ಪೊಲೀಸ್ ಕೇಸುಗಳ) ರಿಜಿಸ್ಟರಿನಲ್ಲಿ ಹೊತ್ತು ದಾಖಲಾಗಿ, ಆಮೇಲೆ ವಾರ್ಡಿನಲ್ಲಿ ತೀರಿಕೊಂಡವರ ಕೇಸುಗಳನ್ನಷ್ಟೇ ತಗೊಳ್ಳಿ. ಸಂಖ್ಯೆ ಕಡಿಮೆಯಾಗುತ್ತದೆ, ಆಗಲಿ ಬಿಡಿ.

ಕಂಟ್ರೋಲ್ ಚರ್ಮ (ಹೋಲಿಸಲು ಬೇಕಾದ ತುಂಡುಗಳು) ತೆಗೆಯುವ ವಿಷಯವನ್ನು ಎಥಿಕ್ಸ್ ಕಮಿಟಿಗೆ ಕೊಡುವ ಮೊದಲ ಅರ್ಜಿಯಲ್ಲೇ ಸೇರಿಸಿ, ಮನೆಯವರ ಒಪ್ಪಿಗೆ ಪತ್ರದಲ್ಲೂ ಬರೆಸಿ. ಆಮೇಲೆ ತಿದ್ದುಪಡಿ ಅಂತ ಹೋದರೆ ಮುಂದಿನ ಮೀಟಿಂಗ್ ತನಕ ಕಾಯಬೇಕು.