ಬೋರ್ಡ್ ಕೈಗೆ ಬರುವ ಮುಂಚೆ ಡಿಎಸ್‌ಪಿ ಎಷ್ಟು ಪವರ್ ತಿನ್ನುತ್ತದೆ ಅಂತ ಅಂದಾಜು ಮಾಡೋದು ಹೇಗೆ?

ಸಿ6748 ಡಿಎಸ್‌ಪಿ, ಅಂದರೆ ಆಡಿಯೋದಂಥ ಸಿಗ್ನಲ್ಲುಗಳ ಲೆಕ್ಕ ಮಾಡುವ ಚಿಪ್ಪು, 375 ಮೆಗಾಹರ್ಟ್ಜ್, ಬ್ಯಾಟರಿ ಮೇಲೆ ನಡೆಯುವ ಆಡಿಯೋ ಸಾಧನ. 10 ಮಿಲಿಸೆಕೆಂಡಿಗೆ ಒಂದು ಫ್ರೇಮು (ಆಡಿಯೋದ ಒಂದು ತುಣುಕು), ಅದರಲ್ಲಿ ಸುಮಾರು 3 ಮಿಲಿಸೆಕೆಂಡು ಕೆಲಸ. ಡೇಟಾಶೀಟಿನಲ್ಲಿ ಎಷ್ಟು ಮಿಲಿವ್ಯಾಟ್ ಅಂತ ಒಂದು ಸಂಖ್ಯೆ ಎಲ್ಲಿದೆ ಅಂತ ಕೇಳಿದ್ದೀರಿ.

ಆ ಒಂದು ಸಂಖ್ಯೆ ಸಿಗಲ್ಲ. ಚಿಪ್ಪು ಅದೇ ಆದರೂ ಯಾವ ಪ್ರೋಗ್ರಾಂ ಓಡುತ್ತಿದೆ ಅನ್ನೋದರ ಮೇಲೆ ಪವರ್ ಬದಲಾಗುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರು ಈ ಚಿಪ್ಪಿಗೆ ಒಂದು ಪವರ್ ಸ್ಪ್ರೆಡ್‌ಶೀಟ್ ಕೊಡುತ್ತಾರೆ, ಮೊದಲು ಅದನ್ನು ಇಳಿಸಿಕೊಳ್ಳಿ. ವೋಲ್ಟೇಜು, ಕ್ಲಾಕು, ಬಿಸಿ, ಯಾವ ಭಾಗ ಶೇಕಡಾ ಎಷ್ಟು ಹೊತ್ತು ಕೆಲಸ ಮಾಡುತ್ತದೆ, ಇಷ್ಟು ತುಂಬಬೇಕು. ಬಿಸಿಯ ಜಾಗದಲ್ಲಿ ಸುಮ್ನೆ 25 ಡಿಗ್ರಿ ಹಾಕಬೇಡಿ. ಲೀಕೇಜ್, ಅಂದರೆ ಚಿಪ್ಪಿನೊಳಗೆ ಸುಮ್ನೆ ಸೋರಿ ಹೋಗುವ ಕರೆಂಟು, ಬಿಲ್ಲಿನ ಫಿಕ್ಸೆಡ್ ಚಾರ್ಜ್ ಇದ್ದ ಹಾಗೆ, ಕೆಲಸ ಇಲ್ಲದಿದ್ದರೂ ಕಟ್ಟಲೇಬೇಕು. ಚಿಪ್ಪು ಬಿಸಿಯಾದಷ್ಟೂ ಅದು ಏರುತ್ತಲೇ ಹೋಗುತ್ತದೆ.

ಜಾಸ್ತಿ ಜನ ಎಡವೋದು ಉಳಿದ 7 ಮಿಲಿಸೆಕೆಂಡಿನಲ್ಲಿ. ಲೆಕ್ಕಕ್ಕೆ ಅಂತ ಕೆಲಸದ ಹೊತ್ತಲ್ಲಿ 400, ಐಡಲ್‌ನಲ್ಲಿ (ಕೆಲಸವಿಲ್ಲದೆ ಚಿಪ್ಪು ನಿದ್ದೆ ಮಾಡುವಾಗ) 60 ಮಿಲಿವ್ಯಾಟ್ ಇಟ್ಟುಕೊಳ್ಳಿ. 120 ಮತ್ತು 42 ಸೇರಿ ಸರಾಸರಿ 162. ಆದರೆ ನಿಮ್ಮ ಕೋಡು ಐಡಲ್‌ಗೆ ಹೋಗದೆ "ಫ್ರೇಮ್ ಬಂತಾ, ಬಂತಾ" ಅಂತ ವೈಲ್ ಲೂಪಿನಲ್ಲಿ ಸುತ್ತುತ್ತಾ ಕೂತರೆ? ಆಗಲೂ 350 ತಿನ್ನುತ್ತದೆ ಅಂದುಕೊಂಡರೆ ಸರಾಸರಿ 365. ಅಲ್ಗಾರಿದಮ್ಮಿನಲ್ಲಿ ಒಂದು ಸಾಲೂ ಬದಲಾಗಿಲ್ಲ, ಅಲ್ವಾ?

ಇನ್ನು ವೋಲ್ಟೇಜು. ಕ್ಲಾಕ್ ಇಳಿಸಿದ್ದರಿಂದ ಮಾತ್ರ ಬ್ಯಾಟರಿ ಉಳಿಯಲ್ಲ, ಅಷ್ಟೇ ಕೆಲಸಕ್ಕೆ ಜಾಸ್ತಿ ಹೊತ್ತು ಹಿಡಿಯುತ್ತದೆ. ಲಾಭ ಇರೋದು ಜೊತೆಗೆ ವೋಲ್ಟೇಜನ್ನೂ ಇಳಿಸಿದಾಗ, ಯಾಕಂದರೆ ಪ್ರತಿ ಸೈಕಲ್ಲಿನ ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಹೋಗುತ್ತದೆ. ಈ ಚಿಪ್ಪಿಗೆ 375 ಮೆಗಾಹರ್ಟ್ಜ್‌ಗೆ 1.2 ವೋಲ್ಟ್ ಬೇಕು, 200ಕ್ಕೆ 1.1 ಸಾಕು, 100ಕ್ಕೆ 1.0. ನಿಮ್ಮ 3 ಮಿಲಿಸೆಕೆಂಡು ಅಂದರೆ ಫ್ರೇಮಿಗೆ 11,25,000 ಸೈಕಲ್. 100ರಲ್ಲಿ ಸ್ವಲ್ಪದರಲ್ಲೇ ಹಿಡಿಸಲ್ಲ. 200ರಲ್ಲಿ 5.6 ಮಿಲಿಸೆಕೆಂಡಿಗೆ ಮುಗಿಯುತ್ತದೆ, ಸೈಕಲ್ಲಿಗೆ ಸುಮಾರು 16% ಉಳಿತಾಯ. ಕೋಡನ್ನು ಒಂಚೂರು ಬಿಗಿ ಮಾಡಿ 100ಕ್ಕೆ ಇಳಿಸೋಕೆ ಆಗುತ್ತಾ ನೋಡಿ. ನಾನಾಗಿದ್ದರೆ ಒಂದು ವಾರ ಅದಕ್ಕೇ ಕೊಡುತ್ತಿದ್ದೆ.

ಬ್ಯಾಟರಿಯ ವೋಲ್ಟೇಜನ್ನು ಚಿಪ್ಪಿಗೆ ಬೇಕಾದಷ್ಟಕ್ಕೆ ಇಳಿಸುವ ರೆಗ್ಯುಲೇಟರ್ ಮರೆಯಬೇಡಿ. 3.7 ವೋಲ್ಟಿನ ಬ್ಯಾಟರಿಯಿಂದ ಎಲ್‌ಡಿಒ (ಸರಳ ಬಗೆಯ ರೆಗ್ಯುಲೇಟರ್) ಹಾಕಿ 1.2ಕ್ಕೆ ಇಳಿಸಿದರೆ ಮೂರನೇ ಒಂದು ಪಾಲೂ ಚಿಪ್ಪಿಗೆ ಮುಟ್ಟಲ್ಲ, ಮಿಕ್ಕಿದ್ದೆಲ್ಲ ಬಿಸಿ. ಮೇಲಿನ 162 ಬ್ಯಾಟರಿ ಕಡೆಯಿಂದ ನೋಡಿದರೆ 500 ಆಗುತ್ತದೆ. 90% ದಕ್ಷತೆಯ ಬಕ್ ಕನ್ವರ್ಟರ್ (ಸ್ವಿಚ್ ಮಾಡಿ ವೋಲ್ಟೇಜ್ ಇಳಿಸುವ ಬಗೆ) ಆದರೆ 180. 1000 ಎಂಎಎಚ್ ಬ್ಯಾಟರಿ ಮೊದಲನೆಯದರಲ್ಲಿ ಏಳು ಗಂಟೆ ಚಿಲ್ಲರೆ, ಎರಡನೆಯದರಲ್ಲಿ 20 ಗಂಟೆ. ಇದು ಬರೀ ಕೋರ್, ಅಂದರೆ ಚಿಪ್ಪಿನ ಒಳಗಿನ ಮುಖ್ಯ ಭಾಗದ ಲೆಕ್ಕ. ಡಿಡಿಆರ್ ಮೆಮೊರಿ, ಕೋಡೆಕ್ಕು (ಆಡಿಯೋವನ್ನು ಡಿಜಿಟಲ್‌ಗೆ, ಡಿಜಿಟಲ್‌ನಿಂದ ಆಡಿಯೋಗೆ ಬದಲಿಸುವ ಚಿಪ್ಪು) ಬೇರೆ ಸೇರಿಸಿಕೊಳ್ಳಿ.

ಬೋರ್ಡ್ ಬಂದ ಮೇಲೆ ಕೋರ್ ಸಪ್ಲೈಗೆ 0.1 ಓಮ್ ಶಂಟ್ (ಕರೆಂಟ್ ಅಳೆಯೋ ಸಣ್ಣ ರೆಸಿಸ್ಟರ್) ಹಾಕಿ ಆಸಿಲೋಸ್ಕೋಪಿನಲ್ಲಿ ನೋಡಿ. 200 ಮಿಲಿಆಂಪ್‌ಗೆ 20 ಮಿಲಿವೋಲ್ಟ್ ಕಾಣುತ್ತದೆ. ಫ್ರೇಮ್ ಶುರುವಾದಾಗ ಒಂದು ಜಿಪಿಐಒ ಪಿನ್ (ಕೋಡಿನಿಂದಲೇ ಏರಿಸಿ ಇಳಿಸಬಹುದಾದ ಪಿನ್) ಏರಿಸಿ, ಮುಗಿದಾಗ ಇಳಿಸಿ. ಕರೆಂಟೂ ಅದರ ಜೊತೆಗೇ ಏರಿ ಇಳಿಯಬೇಕು. ಮಲ್ಟಿಮೀಟರ್ ಬರೀ ಸರಾಸರಿ ತೋರಿಸುತ್ತದೆ, ತಪ್ಪು ಎಲ್ಲಿದೆ ಅಂತ ಹೇಳಲ್ಲ.

ಒಮ್ಮೆ ನನ್ನ ಬೋರ್ಡಿನಲ್ಲಿ ಪಿನ್ ಇಳಿದರೂ ಕರೆಂಟ್ ಇಳಿಯಲೇ ಇಲ್ಲ. ಎರಡು ದಿನ ಕೋಡು ತಡಕಾಡಿದೆ, ಐಡಲ್ ಇನ್‌ಸ್ಟ್ರಕ್ಷನ್ ಸರಿಯಾಗೇ ಇತ್ತು. ಮೂರನೇ ದಿನ ಪಕ್ಕದ ಟೇಬಲ್ಲಿನವರಿಗೆ ಎಮ್ಯುಲೇಟರ್ (ಕೋಡು ಡೀಬಗ್ ಮಾಡುವ ಸಾಧನ) ಬೇಕಾಯಿತು, ಅದನ್ನು ನನ್ನ ಚಿಪ್ಪಿಗೆ ಜೋಡಿಸಿದ್ದ ಜೆಟ್ಯಾಗ್ ಕೇಬಲ್ ಕಿತ್ತುಕೊಂಡು ಹೋದರು. ಸ್ಕೋಪಿನ ಗೆರೆ ಆಗಲೇ ಕೆಳಗೆ ಬಿತ್ತು.